ಎಂಜಿನ್ ಜೊತೆಗೆ ಏರುವ ಸಿಳ್ಳು

ಪ್ರಶ್ನೆ: ಏಳು ವರ್ಷದ ನನ್ನ ಕಾರಿಗೆ ಎರಡು ತಿಂಗಳ ಹಿಂದೆ ಹೊಸ ಸ್ಟೀರಿಯೊ ಹಾಕಿಸಿ, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸಿದೆ. ಎಂಜಿನ್ ಆಫ್ ಇದ್ದಾಗ ಹಾಡು ಸ್ವಚ್ಛವಾಗಿ ಕೇಳುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಸ್ಪೀಕರ್‌ಗಳಲ್ಲಿ ಸಣ್ಣ ಸಿಳ್ಳು. ಆಕ್ಸಿಲರೇಟರ್ ತುಳಿದಷ್ಟೂ ಅದರ ಶ್ರುತಿ ಏರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ವಾಲ್ಯೂಮ್ ಪೂರ್ತಿ ಇಳಿಸಿ ಕುಳಿತರೂ ಅದು ನಿಲ್ಲುವುದಿಲ್ಲ. ಅಂಗಡಿಯವರು ನಾಯ್ಸ್ ಫಿಲ್ಟರ್ ಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ಈಗ ಆಂಪ್ಲಿಫೈಯರನ್ನೇ ಬದಲಿಸೋಣ ಎನ್ನುತ್ತಿದ್ದಾರೆ. ಒಪ್ಪಲೇ?
– ಓದುಗರು, ಬನಶಂಕರಿ

ಉತ್ತರ: ಸದ್ಯಕ್ಕೆ ಬೇಡ. ವಾಲ್ಯೂಮ್ ಇಳಿಸಿದರೂ ಸಿಳ್ಳು ಹಾಗೇ ಇದೆ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಗದ್ದಲ ವಾಲ್ಯೂಮ್ ಗುಂಡಿಗಿಂತ ಮುಂಚೆ ಸೇರಿದ್ದರೆ ಹಾಡಿನ ಜೊತೆಗೇ ಏರಿ ಇಳಿಯುತ್ತಿತ್ತು. ಹಾಗಾಗುತ್ತಿಲ್ಲ ಎಂದಮೇಲೆ ಅದು ಸ್ಟೀರಿಯೊದ ಹಿಂಭಾಗದಿಂದ ಡಿಕ್ಕಿಯವರೆಗಿನ ದಾರಿಯಲ್ಲಿ ಎಲ್ಲೋ ನುಸುಳುತ್ತಿದೆ. ನಿಮ್ಮ ಮೊಬೈಲ್, ಬ್ಲೂಟೂತ್, ಚಾರ್ಜರ್ ಇವೆಲ್ಲ ನಿರಪರಾಧಿಗಳು.

ಸಿಳ್ಳಿನ ಮೂಲ ಆಲ್ಟರ್ನೇಟರ್. ಗ್ಯಾರೇಜಿನವರ ಬಾಯಲ್ಲಿ ಇಂದಿಗೂ ಅದು ಡೈನಮೋ. ಅದು ಹುಟ್ಟಿಸುವುದು ಎಸಿ ವಿದ್ಯುತ್. ಒಳಗಿನ ಡಯೋಡ್‌ಗಳು ಅದನ್ನು ಡಿಸಿಯಾಗಿ ಬದಲಿಸಿದರೂ ಸಣ್ಣದೊಂದು ಏರಿಳಿತ ಉಳಿದುಬಿಡುತ್ತದೆ. ಎಂಜಿನ್ ವೇಗ ಹೆಚ್ಚಿದಂತೆ ಆ ಏರಿಳಿತವೂ ವೇಗ ಪಡೆಯುತ್ತದೆ, ಆದ್ದರಿಂದಲೇ ಶ್ರುತಿ ಏರುತ್ತದೆ. ಇದು ಪ್ರತಿ ಕಾರಿನಲ್ಲೂ ಇರುವಂಥದ್ದೇ. ಅದಕ್ಕೆ ಒಳಬರಲು ಬಾಗಿಲು ತೆರೆದುಕೊಟ್ಟಿರುವುದು ಫಿಟ್ಟಿಂಗ್.

ಮೊದಲು ಸ್ಟೀರಿಯೊ ಆಫ್ ಮಾಡಿ, ಆಂಪ್ಲಿಫೈಯರ್‌ಗೆ ಬಂದಿರುವ ಆರ್‌ಸಿಎ ಕೇಬಲ್‌ಗಳನ್ನು (ಸ್ಟೀರಿಯೊದಿಂದ ಹಾಡಿನ ಸಿಗ್ನಲ್ ತರುವ ವೈರ್‌ಗಳು) ಕಿತ್ತಿಡಿ. ಈಗ ಎಂಜಿನ್ ಸ್ಟಾರ್ಟ್ ಮಾಡಿ, ಸ್ಟೀರಿಯೊ ಆನ್ ಮಾಡಿ. ಸಿಳ್ಳು ಇನ್ನೂ ಇದ್ದರೆ ತಪ್ಪು ಆಂಪ್ಲಿಫೈಯರ್‌ನ ಪವರ್ ಅಥವಾ ಅರ್ತಿಂಗ್ (ನೆಗೆಟಿವ್ ವೈರನ್ನು ಕಾರಿನ ಬಾಡಿಗೆ ಜೋಡಿಸಿರುವುದು) ಕಡೆಯದು. ನಿಂತರೆ ಕೇಬಲ್ ಅಥವಾ ಸ್ಟೀರಿಯೊ ಕಡೆಯದು. ಐದು ನಿಮಿಷದ ಈ ಕೆಲಸವನ್ನು ಅಂಗಡಿಯವರು ಫಿಲ್ಟರ್ ಮಾರುವ ಮೊದಲೇ ಮಾಡಬಹುದಿತ್ತು.

ಫಲಿತಾಂಶ ಏನೇ ಬರಲಿ, ಅರ್ತಿಂಗ್ ಒಮ್ಮೆ ನೋಡಲೇಬೇಕು, ಏಕೆಂದರೆ ಎಲ್ಲರೂ ಅವಸರ ಮಾಡುವ ಜಾಗ ಅದೇ. ಕೈಗೆ ಸಿಕ್ಕ ಬೋಲ್ಟ್‌ಗೆ, ಬಣ್ಣದ ಮೇಲೆಯೇ ವೈರ್ ಸುತ್ತಿ ಬಿಗಿದಿರುತ್ತಾರೆ. ಬಣ್ಣದಲ್ಲಿ ವಿದ್ಯುತ್ ಹರಿಯುವುದಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಅರ್ತಿಂಗ್ ಜಾಗವನ್ನು ಉಪ್ಪುಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿಸಿ, ಪವರ್ ವೈರ್‌ನಷ್ಟೇ ದಪ್ಪದ, ಅರ್ಧ ಮೀಟರ್ ಮೀರದ ವೈರ್ ಹಾಕಿಸಿ. ಸೀಟ್ ಬೆಲ್ಟ್‌ನ ಬೋಲ್ಟ್ ಬಿಚ್ಚಲು ಮಾತ್ರ ಯಾರಿಗೂ ಬಿಡಬೇಡಿ. ಬಳಿಕ ಎಂಜಿನ್ ಚಾಲೂ ಇಟ್ಟು, ಜೋರಾಗಿ ಹಾಡು ಹಾಕಿ, ಆಂಪ್ಲಿಫೈಯರ್‌ನ ಅರ್ತಿಂಗ್ ತುದಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. 0.1 ವೋಲ್ಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ತೋರಿಸಿದರೆ ಉಜ್ಜಿದ್ದು ಸಾಲದು. ಎಸ್‌ಪಿ ರಸ್ತೆಯಲ್ಲಿ ಸಿಗುವ ಸಾಧಾರಣ ಮೀಟರ್ ಈ ಅಳತೆಗೆ ಸಾಕು.

ಕೇಬಲ್ ಕಿತ್ತಾಗ ಸಿಳ್ಳು ನಿಂತಿತೆನ್ನಿ. ಆಗ ಮ್ಯಾಟ್ ಎತ್ತಿ ನೋಡಿ. ದಪ್ಪ ಪವರ್ ವೈರ್ ಮತ್ತು ಆರ್‌ಸಿಎ ಕೇಬಲ್ ಎರಡನ್ನೂ ಒಂದೇ ಬದಿಯಲ್ಲಿ, ಒಂದೇ ಟೇಪ್‌ನಲ್ಲಿ ಕಟ್ಟಿ ಎಳೆದಿದ್ದರೆ ಬೇರೆ ಮಾಡಿಸಿ. ಪವರ್ ಒಂದು ಬದಿ, ಸಿಗ್ನಲ್ ಇನ್ನೊಂದು ಬದಿ ಹೋಗಬೇಕು. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ.

ಅದೂ ಸರಿಯಿದ್ದರೆ ನನ್ನ ಅನುಮಾನ ಸ್ಟೀರಿಯೊ ಮೇಲೆ. ಆನ್ ಇರುವಾಗಲೇ ಆರ್‌ಸಿಎ ಎಳೆದು ಸಿಕ್ಕಿಸಿದರೆ ಕೆಲವು ಸ್ಟೀರಿಯೊಗಳ ಒಳಗೆ, ಆ ಸಾಕೆಟ್‌ನ ನೆಗೆಟಿವ್ ಸಂಪರ್ಕ ಸುಟ್ಟುಹೋಗುತ್ತದೆ. ಹಾಡು ಎಂದಿನಂತೆ ಬರುತ್ತದೆ, ಜೊತೆಗೆ ಸಿಳ್ಳೂ ಬರುತ್ತದೆ. ಪತ್ತೆ ಸುಲಭ: ಕೇಬಲ್ ತುದಿಯ ಹೊರಬಳೆಗೆ ಒಂದು ತುಂಡು ವೈರ್ ಸುತ್ತಿ, ಅದರ ಇನ್ನೊಂದು ತುದಿಯನ್ನು ಸ್ಟೀರಿಯೊದ ಲೋಹದ ಹೊದಿಕೆಗೆ ಮುಟ್ಟಿಸಿ. ಸಿಳ್ಳು ಥಟ್ಟನೆ ನಿಂತರೆ ಕಳ್ಳ ಸಿಕ್ಕ. ನೀವು ವಿವರಿಸಿರುವ ಲಕ್ಷಣಗಳಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಆಂಪ್ಲಿಫೈಯರ್ ಬದಲಿಸಿದರೆ ಈ ತೊಂದರೆ ಹೊಸ ಆಂಪ್ಲಿಫೈಯರ್‌ಗೂ ಹಾಗೇ ದಾಟುತ್ತದೆ.

ಆಂಪ್ಲಿಫೈಯರ್‌ನ ಗೇನ್ ತಿರುಪನ್ನು ಪೂರ್ತಿ ಏರಿಸಿದ್ದರೆ ಇಳಿಸಿ. ಅದು ಇನ್ನೊಂದು ವಾಲ್ಯೂಮ್ ಗುಂಡಿಯಲ್ಲ, ಸ್ಟೀರಿಯೊದ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಬಾನೆಟ್ ತೆರೆದಾಗ ಇನ್ನೊಂದು ವಿಷಯ ಗಮನಿಸಿ: ಪವರ್ ವೈರ್‌ಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಬೇಕು. ಇಲ್ಲದಿದ್ದರೆ ಸಿಳ್ಳಿನ ಮಾತು ಆಮೇಲೆ, ಮೊದಲು ಫ್ಯೂಸ್ ಹಾಕಿಸಿ. ಆ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಕಾರೇ ಹೊತ್ತಿಕೊಳ್ಳಬಹುದು.

ಪ್ರಶ್ನೆ: ಡ್ಯಾಶ್ ಕ್ಯಾಮೆರಾ ಹಾಕಿಸಿದ ಮೇಲೆ 101.3 ರೇನ್‌ಬೋ, 102.9 ವಿವಿಧ ಭಾರತಿ ಎರಡರಲ್ಲೂ ಬರೀ ಕರಕರ. ಮೊಬೈಲ್ ಹಾಡು ಸರಿಯಾಗಿ ಬರುತ್ತದೆ.
– ಓದುಗರು, ಮಲ್ಲೇಶ್ವರ

ಉತ್ತರ: ಕ್ಯಾಮೆರಾದ ಅಗ್ಗದ ಚಾರ್ಜರ್ ರೇಡಿಯೊ ಅಲೆಗಳನ್ನು ಚೆಲ್ಲುತ್ತಿದೆ. ಚಾರ್ಜರ್ ಕಿತ್ತು ನೋಡಿ, ಕರಕರ ನಿಂತರೆ ಒಳ್ಳೆಯ ಚಾರ್ಜರ್ ಕೊಳ್ಳಿ. ವೈರ್ ಅನ್ನು ಆಂಟೆನಾ ಕೇಬಲ್‌ನಿಂದ ದೂರ ಎಳೆಸಿ.

ಪ್ರಶ್ನೆ: ಬಾಗಿಲುಗಳಿಗೆ ಹೊಸ ಸ್ಪೀಕರ್ ಹಾಕಿಸಿದೆ. ಹಳೆಯದರಲ್ಲಿದ್ದ ಬೇಸ್ ಕೂಡ ಈಗಿಲ್ಲ. ಮೇಲಾಗಿ ಮೊನ್ನೆಯ ಮಳೆಯ ನಂತರ ಎಡಗಡೆಯದು ಗೊರಗೊರ ಎನ್ನುತ್ತಿದೆ.
– ಓದುಗರು, ಹೆಬ್ಬಾಳ

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ. ಬ್ಯಾಲೆನ್ಸ್ ಅನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದಾಗ ಬೇಸ್ ಹೆಚ್ಚಾದರೆ, ಒಂದು ಸ್ಪೀಕರ್‌ನ ಪ್ಲಸ್, ಮೈನಸ್ ಅದಲುಬದಲಾಗಿದೆ ಎಂದರ್ಥ. ಒಂದರ ಕೋನ್ (ಅದುರಿ ಸದ್ದು ಹೊಮ್ಮಿಸುವ ಭಾಗ) ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತದೆ, ಬೇಸ್ ಪರಸ್ಪರ ಹೊಡೆದುಹೋಗುತ್ತದೆ. ಸ್ಪೀಕರ್‌ನ ವೈರ್ ಕಳಚಿ, ತುದಿಗಳಿಗೆ 1.5 ವೋಲ್ಟ್ ಪೆನ್ಸಿಲ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿಸಿದ ತುದಿಯೇ ಸ್ಪೀಕರ್‌ನ ಪ್ಲಸ್. ಇನ್ನೊಂದನ್ನೂ ಹೀಗೆಯೇ ನೋಡಿ, ಎರಡೂ ಕಡೆ ಒಂದೇ ಬಗೆಯಲ್ಲಿ ಜೋಡಿಸಿ.

ಗೊರಗೊರಕ್ಕೆ ಕಾರಣ ಬಹುಶಃ ನೀರು. ಕಿಟಕಿ ಗಾಜಿನ ಮೇಲಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಅದು ಬಾಗಿಲಿನ ತಳದ ರಂಧ್ರಗಳಿಂದ ಹೊರಹೋಗಬೇಕು. ನಮ್ಮ ಊರಿನ ದೂಳಿಗೆ ಅವು ಕಟ್ಟಿಕೊಳ್ಳುತ್ತವೆ, ಕಡ್ಡಿಯಿಂದ ಬಿಡಿಸಿ. ನಂತರ ಕೋನನ್ನು ನಾಲ್ಕೂ ಬೆರಳು ಸಮವಾಗಿಟ್ಟು ಮೆಲ್ಲಗೆ ಒತ್ತಿ. ಒಳಗೆ ಉಜ್ಜಿದ ಸದ್ದು ಬಂದರೆ ಸ್ಪೀಕರ್ ಮುಗಿದ ಕಥೆ. ಹೊಸದನ್ನು ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಬಾಗಿಲಿನ ಒಳಗಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿದಿದ್ದರೆ, ಅದನ್ನು ಅಂಟಿಸಿ ಮುಚ್ಚಿದ ಮೇಲೆಯೇ ಪ್ಯಾನೆಲ್ ಹಾಕಲು ಹೇಳಿ.