ಹೊಲಿಗೆ ಪ್ರಶ್ನೋತ್ತರ: ತಾಂಬೂಲದ ಚೀಲ, ಹಿಡಿಬಟ್ಟೆ, ಕೌದಿ

ಪ್ರಶ್ನೆ: ನಾನು ಮನೆಯಲ್ಲೇ ರವಿಕೆ ಹೊಲಿದುಕೊಡುತ್ತೇನೆ. ರವಿಕೆಗೆಂದೇ ನೇಯುವ ಗುಳೇದಗುಡ್ಡ ಖಣದ ತುಂಡುಗಳು ಬಹಳಷ್ಟು ಉಳಿದಿವೆ. ಅವುಗಳಿಂದ ಉಡುಗೊರೆಗೂ ಮಾರಾಟಕ್ಕೂ ಆಗುವಂಥ ಏನನ್ನು ಹೊಲಿಯಬಹುದು?
– ಓದುಗರೊಬ್ಬರು, ಧಾರವಾಡ

ಉತ್ತರ: ಖಣದ ತುಂಡು ನೋಡಲು ಚೆಂದವಿದ್ದರೂ ಭಾರ ಹೊರುವ ಬಟ್ಟೆಯಲ್ಲ, ಕತ್ತರಿಸಿದ ಕಡೆ ಎಳೆ ಬಿಚ್ಚಿಕೊಳ್ಳುತ್ತದೆ, ಹೊಲಿಗೆಯ ಹತ್ತಿರ ಜಗ್ಗಿದರೆ ನೇಯ್ಗೆ ಸರಿಯುತ್ತದೆ. ಆದ್ದರಿಂದ ಇಡೀ ಚೀಲವನ್ನು ಖಣದಲ್ಲೇ ಹೊಲಿಯುವ ಆಸೆಯನ್ನು ಬಿಟ್ಟು, ದಪ್ಪ ಹತ್ತಿ ಬಟ್ಟೆಯ ಚೀಲಕ್ಕೆ ಅದನ್ನು ಮೇಲಿನ ಪಟ್ಟಿಯಾಗಿ ಬಳಸುವುದು ಲೇಸು. ಖಣದ ಅಂಚು ನೇಯ್ಗೆಯಲ್ಲೇ ಮುಗಿದಿರುವುದರಿಂದ ಆ ಬದಿಯನ್ನು ಮಡಚುವ ಕೆಲಸವೂ ಇರುವುದಿಲ್ಲ.

ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ಒಟ್ಟಿಗೆ ಬೇಡಿಕೆ ಬರುವ ತಾಂಬೂಲದ ಚೀಲದಿಂದಲೇ ಆರಂಭಿಸಿ ಎನ್ನುವುದು ನನ್ನ ಸಲಹೆ. ಅದರೊಳಗೆ ಹೋಗುವುದು ಜುಟ್ಟಿರುವ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ರವಿಕೆ ಕಣ ಎಂಬುದನ್ನು ಮರೆತು ಹೊಲಿದ ಚಪ್ಪಟೆ ಚೀಲಗಳು ಪೇಟೆಯಲ್ಲಿ ಎಷ್ಟೋ ಇವೆ. ಅವುಗಳಲ್ಲಿ ಕಾಯಿ ಇಟ್ಟ ಕೂಡಲೇ ಎಲೆ ಮುದುಡಿ ಹೋಗುತ್ತದೆ. ಹೊಲಿಗೆಗೆ ಸುತ್ತಲೂ ಅರ್ಧ ಇಂಚು ಸೇರಿಸಿ, 11 ಇಂಚು ಅಗಲ, 13 ಇಂಚು ಎತ್ತರದ ಎರಡು ತುಂಡುಗಳನ್ನು ಮೇಲುಬಟ್ಟೆಯಲ್ಲೂ ಅಷ್ಟೇ ಅಳತೆಯ ಎರಡನ್ನು ಅಸ್ತರಿನಲ್ಲೂ ಕತ್ತರಿಸಿಕೊಳ್ಳಿ. ಖಣದ ಪಟ್ಟಿಯನ್ನು ಮೇಲುಬಟ್ಟೆಗೆ ಮೊದಲೇ ಕೂರಿಸಿ, ಬದಿ ಮತ್ತು ತಳವನ್ನು ಸೇರಿಸಿದ ಮೇಲೆ, ತಳದ ಎರಡೂ ಮೂಲೆಗಳನ್ನು ತ್ರಿಕೋನವಾಗಿ ಚಪ್ಪಟೆ ಮಾಡಿ ತುದಿಯಿಂದ 2 ಇಂಚು ಒಳಗೆ ಅಡ್ಡ ಹೊಲಿಗೆ ಹಾಕಿದರೆ 4 ಇಂಚಿನ ತಳ ಸಿಗುತ್ತದೆ, ಕಾಯಿ ನೆಟ್ಟಗೆ ಕೂರುತ್ತದೆ. ಅಸ್ತರಿಗೂ ಹೀಗೆಯೇ ಮಾಡಬೇಕು. ಹಿಡಿಕೆಯ ತುದಿಗಳನ್ನು ಮೇಲುಬಟ್ಟೆಗೂ ಅಸ್ತರಿಗೂ ನಡುವೆ ಒಂದು ಇಂಚು ಇಳಿಸಿ, ಚೌಕವಾಗಿ ಹೊಲಿದು ಅದರೊಳಗೆ ಅಡ್ಡಡ್ಡ ಗೀಟು ಹಾಕಿ; ಚೀಲ ಹರಿಯುವುದು ಹೆಚ್ಚಾಗಿ ಅಲ್ಲಿಯೇ. ದಪ್ಪ ಬಟ್ಟೆಗೆ 16ನೇ ನಂಬರಿನ ಸೂಜಿ ಬಳಸಿ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಕೊಂಡವರು ಒಮ್ಮೆ ಒಗೆದಾಗ ಹತ್ತಿ ಕುಗ್ಗಿ ಖಣದ ಪಟ್ಟಿ ಉಬ್ಬಿ ನಿಲ್ಲುತ್ತದೆ. ಖಣದ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿಬಟ್ಟೆಯಿಂದ ಉಜ್ಜಿ ನೋಡುವುದನ್ನೂ ಮರೆಯಬೇಡಿ.

ಇನ್ನೂ ಚಿಕ್ಕ ತುಂಡುಗಳಿಗೆ ಹಿಂಬದಿಯಲ್ಲಿ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಒಳಪದರ) ಅಂಟಿಸಿ, ಕನ್ನಡಕದ ಚೀಲ ಇಲ್ಲವೇ ಜಿಪ್ ಇರುವ ಪೌಚ್ ಮಾಡಬಹುದು. ರೇಷ್ಮೆ ಅಥವಾ ಕೃತಕ ರೇಷ್ಮೆ ಬೆರೆತ ಖಣಕ್ಕೆ ಇಸ್ತ್ರಿಪೆಟ್ಟಿಗೆಯ ಬಿಸಿ ಕಡಿಮೆ ಇರಲಿ.

ಪ್ರಶ್ನೆ: ನಾನು ಸ್ಪಂಜು ತುಂಬಿ ಹೊಲಿದ, ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆಗಳು ಬೇಗ ಗಟ್ಟಿಯಾಗಿ ಕರಕಲಾಗುತ್ತವೆ ಎಂದು ಕೊಂಡವರು ದೂರುತ್ತಾರೆ. ಪರಿಹಾರವೇನು?
– ಓದುಗರೊಬ್ಬರು, ಶಿರಸಿ

ಉತ್ತರ: ದೂರು ನ್ಯಾಯವಾದದ್ದು. ಸ್ಪಂಜು, ಪಾಲಿಯೆಸ್ಟರ್ ಹತ್ತಿ, ನೈಲಾನ್ ಲೇಸು ಇವೆಲ್ಲ ಬಿಸಿಗೆ ಕರಗುವ ವಸ್ತುಗಳು. ಕರಗಿದ್ದು ಕೈಗೆ ಅಂಟಿದರೆ ಸುಟ್ಟ ಗಾಯ ಆಳವಾಗುತ್ತದೆ. 7 ಇಂಚಿನ ಚೌಕಕ್ಕೆ ಹೊರಗೆ ಹತ್ತಿ ಬಟ್ಟೆ, ಒಳಗೆ ಹಳೆಯ ಹತ್ತಿ ಟವೆಲ್ಲಿನ ಎರಡು ಪದರ, ಹೊಲಿಯಲು ಹತ್ತಿ ನೂಲು, ಇಷ್ಟೇ ಸಾಕು. ಒದ್ದೆಯಾದ ಹಿಡಿಬಟ್ಟೆ ಬಿಸಿಯನ್ನು ನೇರ ಕೈಗೆ ದಾಟಿಸುವುದರಿಂದ, ಅದನ್ನು ತೂಗುಹಾಕಿ ಒಣಗಿಸಲು ಮೂಲೆಗೊಂದು ಕುಣಿಕೆ ಇರಲೇಬೇಕು.

ಪ್ರಶ್ನೆ: ತಂಗಿಯ ಬಾಣಂತನಕ್ಕೆ ನಮ್ಮವ್ವನ ಹಳೆಯ ಸೀರೆಗಳಿಂದ ಪುಟ್ಟ ಕೌದಿ ಹೊಲಿದು ಕೊಡಬೇಕೆಂದಿದ್ದೇನೆ. ಯಾವ ಸೀರೆ ಆರಿಸಬೇಕು, ಎಲ್ಲಿಂದ ಹೊಲಿಗೆ ಶುರು ಮಾಡಬೇಕು?
– ಓದುಗರೊಬ್ಬರು, ಹಾವೇರಿ

ಉತ್ತರ: ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿ ಸೀರೆಗಿಂತ ಕೂಸಿಗೆ ಹಿತವಾದದ್ದು ಬೇರೆ ಸಿಗದು. ಆದರೆ ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿ. ಪಿಸಿಯುವ ಭಾಗವನ್ನು ಮೋಹ ಬಿಟ್ಟು ಕತ್ತರಿಸಿ ತೆಗೆಯಿರಿ. ಇಳಕಲ್ ಸೀರೆಯಾದರೆ ರೇಷ್ಮೆಯ ಸೆರಗನ್ನು ಬೇರೆಯಾಗಿ ಎತ್ತಿಡುವುದು ಒಳ್ಳೆಯದು, ಏಕೆಂದರೆ ಮೇಲಿಂದ ಮೇಲೆ ಒಗೆಯುವ ಕೂಸಿನ ಬಟ್ಟೆಗೆ ರೇಷ್ಮೆ ಬಾಳುವುದಿಲ್ಲ. 36 ಇಂಚು ಅಗಲ, 45 ಇಂಚು ಉದ್ದದ ಮೂರು ನಾಲ್ಕು ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ದೊಡ್ಡ ಟಾಕಿ ಹಾಕಿ ಹಿಡಿದಿಟ್ಟುಕೊಂಡು, ಆಮೇಲೆ ಸಣ್ಣ ಓಡುಹೊಲಿಗೆ ಹಾಕಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಒಂದು ಮೂಲೆಯಿಂದ ಆರಂಭಿಸಿ ಅಂಚಿನಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯ ತ್ರಿಕೋನಗಳನ್ನು ಮಡಚಿ ಕೂರಿಸುವ ‘ಫೂಲ’ ಇಲ್ಲದ ಕೌದಿಯನ್ನು ಅವರು ಪೂರ್ಣವೆಂದು ಎಣಿಸುವುದಿಲ್ಲ. ನಿಮ್ಮ ಕೌದಿಗೂ ಅದು ಅಲಂಕಾರವಾದೀತು. ಕನ್ನಡಿ, ಮಣಿ, ಗುಂಡಿಗಳನ್ನು ಮಾತ್ರ ಹಚ್ಚಬೇಡಿ, ಕಿತ್ತುಬಂದರೆ ಕೂಸಿನ ಬಾಯಿಗೆ ಹೋಗುತ್ತವೆ.

ಪ್ರಶ್ನೆ: ನನ್ನ ಕೈಚೀಲಕ್ಕೆ ಎಷ್ಟು ಬೆಲೆ ಹೇಳಲಿ? ಬಟ್ಟೆಯ ಖರ್ಚಿಗಿಂತ ಸ್ವಲ್ಪ ಹೆಚ್ಚು ಹೇಳಿದರೂ ‘ಮನೆಯಲ್ಲೇ ಮಾಡಿದ್ದಲ್ಲವೆ’ ಎಂದು ಚೌಕಾಸಿ ಮಾಡುತ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಹೊತ್ತಿಗೆ ಮೊದಲು ನೀವೇ ಬೆಲೆ ಕಟ್ಟಬೇಕು. ಉದಾಹರಣೆಗೆ ಬಟ್ಟೆ, ಅಸ್ತರಿಗೆ 40 ರೂಪಾಯಿ, ನೂಲು, ಫ್ಯೂಸಿಂಗ್‌ಗೆ 10, ಗಂಟೆಗೆ 90 ರೂಪಾಯಿಯಂತೆ 40 ನಿಮಿಷದ ಕೂಲಿ 60, ಯಂತ್ರದ ಸವಕಳಿ ಮತ್ತು ವಿದ್ಯುತ್ತಿಗೆ 5 ಎಂದಿಟ್ಟುಕೊಂಡರೆ ಚೀಲದ ಅಸಲೇ 115 ರೂಪಾಯಿ. ಅಂಗಡಿಯ ಮೂಲಕ ಮಾರಿದರೆ ಅವರ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಾರಾಟದ ಬೆಲೆ ನಿಗದಿ ಮಾಡಿ. ಬೆಲೆ ಇಳಿಸುವ ಬದಲು ಹೊತ್ತು ಉಳಿಸುವುದು ಜಾಣತನ: ಹತ್ತು ಚೀಲಗಳನ್ನು ಒಟ್ಟಿಗೆ ಕತ್ತರಿಸಿ, ಒಂದು ಹಂತವನ್ನು ಎಲ್ಲಕ್ಕೂ ಮುಗಿಸಿ ಮುಂದಿನದಕ್ಕೆ ಹೋದರೆ ಪ್ರತಿ ಚೀಲಕ್ಕೆ ತಗಲುವ ಸಮಯ ಗಣನೀಯವಾಗಿ ಇಳಿಯುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ, ಕುಶಲಕರ್ಮಿಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು; ಉಪಕರಣಗಳಿಗೆಂದು 15,000 ರೂಪಾಯಿವರೆಗೆ ನೆರವಿದೆ, ಆದರೆ ಕುಟುಂಬದಲ್ಲಿ ಒಬ್ಬರಿಗೆ ಮಾತ್ರ.

ಚೀಲದ ಮೇಲೆ ಕೈಕಸೂತಿ ಇದ್ದರೆ ಈ ಲೆಕ್ಕ ಸಾಲದು. ಗವಂತಿ, ಮುರಗಿ, ನೇಗಿ, ಮೆಂತೆ ಹೊಲಿಗೆಗಳನ್ನು ಎಳೆ ಎಣಿಸಿ ಹಾಕಬೇಕಾಗುವುದರಿಂದ ಆ ಕೆಲಸದ ಗಂಟೆಗಳನ್ನು ಬೇರೆಯಾಗಿ ಬರೆದಿಟ್ಟು ಬೆಲೆಗೆ ಸೇರಿಸಿ. ಯಂತ್ರದಲ್ಲಿ ಹಾಕಿಸಿದ ಕಸೂತಿಯಾದರೆ ಅದನ್ನು ಚೀಟಿಯಲ್ಲಿ ಹಾಗೆಂದೇ ನಮೂದಿಸಿ.