ಆಶ್ರಯನಗರದ ಬಾಗಿಲಲ್ಲಿ ಹೇಳಬೇಕಾದ ಮಾತು

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 47. ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಕೂಟದ ಕಾರ್ಯದರ್ಶಿಯಾಗಿದ್ದೆ. ಎರಡು ವರ್ಷದ ಹಿಂದೆ ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದ 22,000 ರೂಪಾಯಿಯನ್ನು ಖಜಾಂಚಿಯಾಗಿದ್ದ ಹಿರಿಯರು ಎಣಿಸಿ, ಕೂಟದ ಬೀರುವಿನಲ್ಲಿಡಲು ನನ್ನ ಕೈಗೆ ಕೊಟ್ಟರು. ಅದೇ ವಾರ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ತಿಂಗಳೊಳಗೆ ಇಟ್ಟುಬಿಡುತ್ತೇನೆಂದು ಆ ಹಣ ತೆಗೆದುಕೊಂಡೆ; ಮೂರು ತಿಂಗಳಾಯಿತು. ಅಷ್ಟರಲ್ಲಿ ಲೆಕ್ಕ ನೋಡಿದರು. ಹಳೆಯ ದೇವಾಲಯವನ್ನು ಕೆಡವಿ ಹೊಸದು ಕಟ್ಟಬೇಕೋ, ದುರಸ್ತಿ ಸಾಕೋ ಎಂದು ಸಭೆ ಆಗಲೇ ಎರಡು ಪಂಗಡವಾಗಿತ್ತು, ಖಜಾಂಚಿಯವರು ದುರಸ್ತಿ ಸಾಕೆನ್ನುವವರ ಮುಂದಾಳು. ಹಣವನ್ನು ನನ್ನ ಕೈಗೆ ಕೊಟ್ಟೆನೆಂದು ಅವರು ಹೇಳಿದಾಗ, ನನಗೆ ನೆನಪಿಲ್ಲ ಎಂದುಬಿಟ್ಟೆ. ಆಮೇಲೆ ಹಣ ಹೊಂದಿಸಿ ಬೀರುವಿನಲ್ಲಿ ಹಳೆಯ ಕಡತಗಳ ಹಿಂದೆ ಇಟ್ಟೆ. ಅದು ಸಿಕ್ಕಾಗ, ಅವರೇ ಹೆದರಿ ತಂದಿಟ್ಟಿದ್ದಾರೆ ಎಂದು ಎಲ್ಲರೂ ಆಡಿಕೊಂಡರು. ಸುಮಾರು ಮೂವತ್ತು ಕುಟುಂಬಗಳು ಬೇರೆಯಾಗಿ ನಿಟುವಳ್ಳಿ ಕಡೆ ಬಾಡಿಗೆ ಸಭಾಂಗಣದಲ್ಲಿ ಆರಾಧನೆ ನಡೆಸುತ್ತಿವೆ. ಖಜಾಂಚಿಯವರು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಭಾನುವಾರ ಗಂಟೆ ಹೊಡೆಯುವ ಹೊತ್ತಿಗೆ ಬಿಳಿ ಅಂಗಿ ಹಾಕಿಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ನಾನು ದೇವರ ಮುಂದೆ ಎಷ್ಟೋ ಸಲ ಅತ್ತಿದ್ದೇನೆ. ಹರಿಹರದ ಕಥೋಲಿಕರ ಆರೋಗ್ಯ ಮಾತೆಯ ದೇವಾಲಯಕ್ಕೂ ಹೋಗಿ ಮೇಣದಬತ್ತಿ ಹಚ್ಚಿ ಬಂದೆ. ನಿದ್ದೆಯಿಲ್ಲ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ ಮಂಡಿನೋವೆಂದು ಹೇಳಿ ಹಿಂದಿನ ಬೆಂಚಿನಲ್ಲೇ ಉಳಿಯುತ್ತೇನೆ. ಯೇಸುವಿನ ರಕ್ತವು ಸಕಲ ಪಾಪದಿಂದ ಶುದ್ಧಿಮಾಡುತ್ತದೆ ಎಂದ ಮೇಲೆ ಇಷ್ಟು ಸಾಲದೇ? ಈಗ ಬಾಯಿಬಿಟ್ಟರೆ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಯಜಮಾನರು ಸಮಿತಿಯಲ್ಲಿದ್ದಾರೆ, ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಸುಮ್ಮನೆ ಬೇರೆ ಸಭೆಗೆ ಸೇರಿಕೊಂಡು ಅಲ್ಲಿ ಆಶ್ರಯ ಪಡೆಯಲೇ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಮೂರು ಸಲವೂ ಆ ಬಿಳಿ ಅಂಗಿಯ ಹತ್ತಿರ ಬಂದು ನಿಂತೆ. ಆರಾಧನೆಗೆ ಸಿದ್ಧರಾಗಿಯೂ ಹೊರಡಲಾರದೆ ಗಂಟೆಯ ಸದ್ದು ನಿಲ್ಲುವವರೆಗೆ ಕಟ್ಟೆಯ ಮೇಲೆ ಕೂತಿರುವ ಆ ಹಿರಿಯರನ್ನು ನೀವು ವಾರವಾರವೂ ನೋಡಿದ್ದೀರಿ, ಮತ್ತು ಅದನ್ನು ಮುಚ್ಚಿಡದೆ ಬರೆದಿದ್ದೀರಿ. ನಿಮ್ಮ ಮನಸ್ಸಾಕ್ಷಿ ಜೀವಂತವಾಗಿದೆ ಎಂಬುದಕ್ಕೆ ನನಗೆ ಬೇರೆ ಗುರುತು ಬೇಕಾಗಿಲ್ಲ, ಆದ್ದರಿಂದ ಕಠಿಣವಾದದ್ದನ್ನೂ ನಿಮ್ಮೊಡನೆ ನೇರವಾಗಿ ಮಾತಾಡಬಹುದೆಂದು ನಂಬಿದ್ದೇನೆ.

ನೀವು ಕೇಳಿರುವುದು ಕ್ಷಮೆ ಸಾಕೇ ಎಂದು. ಸಾಕು, ಅದರಲ್ಲಿ ಸಂದೇಹ ಬೇಡ, ಯಾರಾದರೂ ಸಂದೇಹ ಹುಟ್ಟಿಸಿದರೆ ಕಿವಿಗೊಡಲೂ ಬೇಡಿ. ಆದರೆ ನೀವು ಆಶ್ರಯಿಸಿರುವ ಆ ವಾಕ್ಯವನ್ನು, ಅಂದರೆ ಯೋಹಾನನ ಮೊದಲನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದ 7ನೆಯ ವಚನವನ್ನು, ಸತ್ಯವೇದ (ಬೈಬಲ್) ತೆರೆದು ಆರಂಭದಿಂದ ಓದಿ. ನಾವು ಬೆಳಕಿನಲ್ಲಿ ನಡೆದರೆ ಒಬ್ಬರೊಡನೊಬ್ಬರು ಅನ್ಯೋನ್ಯತೆಯಲ್ಲಿರುತ್ತೇವೆ ಎಂಬ ಮಾತು ಮೊದಲು ಬರುತ್ತದೆ, ರಕ್ತವು ಶುದ್ಧಿಮಾಡುತ್ತದೆ ಎಂಬ ಮಾತು ಅದೇ ಉಸಿರಿನಲ್ಲಿ ಆಮೇಲೆ ಬರುತ್ತದೆ. ನಾವು ಸಾಮಾನ್ಯವಾಗಿ ಎರಡನೆಯ ಅರ್ಧವನ್ನು ಕಂಠಪಾಠ ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲೂ ಅದನ್ನೇ ಅಚ್ಚುಹಾಕಿಸಿ, ಮೊದಲನೆಯ ಅರ್ಧವನ್ನು ಪುಸ್ತಕದಲ್ಲೇ ಬಿಟ್ಟುಬಿಡುತ್ತೇವೆ. ನಿಮಗೆ ಎರಡು ವರ್ಷ ನಿದ್ದೆ ಬಾರದಿರುವುದಕ್ಕೆ ದೇವರು ಕ್ಷಮಿಸಲಿಲ್ಲ ಎಂಬುದು ಕಾರಣವಲ್ಲ. ನಿಮ್ಮ ಕ್ಷಮೆಯೂ ನಿಮ್ಮ ಜೊತೆಯಲ್ಲೇ ಕತ್ತಲಲ್ಲಿ ಕೂತಿದೆ.

ಆಶ್ರಯ ಎಂಬ ಪದವನ್ನು ನೀವೇ ಬಳಸಿದ್ದೀರಿ. ಆ ಪದಕ್ಕೆ ಸತ್ಯವೇದದಲ್ಲಿ ಒಂದು ಗಟ್ಟಿಯಾದ ಚಿತ್ರವಿದೆ. ಅರಣ್ಯಕಾಂಡದ 35ನೆಯ ಅಧ್ಯಾಯದಲ್ಲಿ ಆರು ಆಶ್ರಯನಗರಗಳ ಏರ್ಪಾಡು ಬರುತ್ತದೆ: ಯೊರ್ದನ್ ಹೊಳೆಯ ಈಚೆಗೆ ಮೂರು, ಆಚೆಗೆ ಮೂರು. ಕೈತಪ್ಪಿ ಒಬ್ಬನ ಪ್ರಾಣ ತೆಗೆದವನು, ಸತ್ತವನ ಸಂಬಂಧಿಕರು ಬೆನ್ನಟ್ಟಿ ಬರುವ ಮೊದಲು, ಅಲ್ಲಿಗೆ ಓಡಿಹೋಗಿ ಬದುಕಿಕೊಳ್ಳಬಹುದಾಗಿತ್ತು. ಆದರೆ ಓಡಿಬಂದವನು ನೇರವಾಗಿ ಒಳಗೆ ನುಗ್ಗಿ ಯಾವುದೋ ಮನೆಯ ಹಿತ್ತಲಲ್ಲಿ ಅಡಗಿಕೊಳ್ಳುವಂತಿರಲಿಲ್ಲ. ಯೆಹೋಶುವನ ಪುಸ್ತಕದ 20ನೆಯ ಅಧ್ಯಾಯದ ಪ್ರಕಾರ ಅವನು ಊರಬಾಗಿಲಲ್ಲಿ ನಿಂತು, ನಡೆದದ್ದನ್ನು ಆ ಊರಿನ ಹಿರಿಯರ ಕಿವಿಗೆ ಬೀಳುವಂತೆ ಹೇಳಬೇಕಿತ್ತು. ಹೇಳಿದ ಮೇಲೆಯೇ ಅವರು ಅವನನ್ನು ಒಳಗೆ ಕರೆದುಕೊಂಡು ಇರಲು ಸ್ಥಳ ಕೊಡುತ್ತಿದ್ದರು.

ಕೈತಪ್ಪಿ ಆದದ್ದಕ್ಕೆ ಮಾತ್ರ ಆ ನಗರಗಳು, ನಾನು ತಿಳಿದೇ ಮಾಡಿದವಳಲ್ಲವೇ ಎಂದು ನೀವು ಕೇಳಬಹುದು. ಹೌದು, ತಿಳಿದು ಕೊಂದವನಿಗೆ ಅಲ್ಲಿ ಜಾಗವಿರಲಿಲ್ಲ. ಅವನು ಯಜ್ಞವೇದಿಯ ಹತ್ತಿರ ಬಂದು ನಿಂತರೂ ಎಳೆದೊಯ್ಯಬೇಕೆಂದು ವಿಮೋಚನಕಾಂಡದ 21ನೆಯ ಅಧ್ಯಾಯ ಹೇಳುತ್ತದೆ. ಅಂಥವರಿಗೂ ಕ್ರಿಸ್ತನಲ್ಲಿ ಬಾಗಿಲು ತೆರೆದಿದೆ ಎಂಬುದೇ ಸುವಾರ್ತೆ. ಅದಿಲ್ಲದಿದ್ದರೆ ನನಗೆ ನಿಮಗೆ ಇಂಥ ಉತ್ತರ ಬರೆಯುವ ಧೈರ್ಯವೇ ಬರುತ್ತಿರಲಿಲ್ಲ. ಹಳೆಯ ಏರ್ಪಾಡಿನ ಇನ್ನೊಂದು ಅಂಶವನ್ನೂ ಗಮನಿಸಿ. ಓಡಿಬಂದವನು ಜೀವಮಾನವೆಲ್ಲ ಪರಊರಿನಲ್ಲಿ ಕಳೆಯಬೇಕಾಗಿರಲಿಲ್ಲ: ಆಗಿನ ಮಹಾಯಾಜಕನು ಸತ್ತ ದಿನ ಅವನು ತನ್ನ ಊರಿಗೆ, ತನ್ನ ಜನರ ನಡುವೆಗೆ ಮರಳಬಹುದಿತ್ತು. ನಮ್ಮ ಮಹಾಯಾಜಕನಾದ ಕ್ರಿಸ್ತನು ಆಗಲೇ ಸತ್ತು ಎದ್ದಿದ್ದಾನೆ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಸಾರುತ್ತದೆ. ಹಾಗಿರುವಾಗ ಬೇರೆ ಸಭೆಯ ಹಿಂದಿನ ಬೆಂಚಿನಲ್ಲಿ ಪರದೇಶಿಯಂತೆ ಕೂರುವುದು ನಿಮಗೇಕೆ? ನೀವು ಹೊರಡಬೇಕಾದ ದಾರಿ ಮನೆಯ ಕಡೆಗಿದೆ.

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ದೇವರೇ ನನ್ನ ಬಂಡೆ, ನನ್ನ ಕೋಟೆ ಎಂಬ 18ನೆಯ ಕೀರ್ತನೆಯ ಮಾತನ್ನು ದುರ್ಗದ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಎರಡೂ ಕಾಣುತ್ತವೆ. ಆದರೆ ಶತ್ರು ಹೊರಗಿದ್ದಾಗ ಕೋಟೆ ಕಾಯುತ್ತದೆ. ನಾವೇ ಸೆರಗಿನಲ್ಲಿ ಗಂಟುಕಟ್ಟಿಕೊಂಡು ಒಳಗೆ ತಂದದ್ದನ್ನು ಏಳು ಸುತ್ತಿನ ಗೋಡೆಯೂ ತಡೆಯಲಾರದು. 32ನೆಯ ಕೀರ್ತನೆಯನ್ನು ಈ ವಾರ ದಿನಕ್ಕೊಂದು ಸಲ ಓದಿ. ನಾನು ಬಾಯಿಬಿಡದೆ ಇದ್ದಾಗ ನನ್ನ ಎಲುಬುಗಳೇ ಸವೆದುಹೋದವು ಎಂದು ಅಲ್ಲಿ ದಾವೀದನು ನರಳುತ್ತಾನೆ, ಆಮೇಲೆ ಪಾಪವನ್ನು ಮರೆಮಾಡುವುದನ್ನು ಬಿಟ್ಟೆ ಎನ್ನುತ್ತಾನೆ, ಅದಾದ ಮೇಲೆ ದೇವರಿಗೆ ನೀನೇ ನನಗೆ ಮರೆ ಎನ್ನುತ್ತಾನೆ. ಆ ಮೂರು ಮಾತುಗಳು ಬರುವ ಕ್ರಮ ನಿಮಗಾಗಿಯೇ ಬರೆದಂತಿದೆ.

ಇನ್ನು ಆ 22,000 ರೂಪಾಯಿಯ ವಿಷಯ. ಹಣವನ್ನು ಹಿಂದಕ್ಕೆ ಇಟ್ಟಿದ್ದೇನೆ, ಅಷ್ಟರಮಟ್ಟಿಗೆ ತಪ್ಪು ಸರಿಯಾಗಿದೆ ಎಂದು ನಿಮ್ಮ ಒಳಮನಸ್ಸು ಲೆಕ್ಕಹಾಕಿದೆಯೆಂದು ನಿಮ್ಮ ಪತ್ರದಿಂದ ತೋರುತ್ತದೆ. ದಯವಿಟ್ಟು ಆ ಲೆಕ್ಕವನ್ನು ಬಿಟ್ಟುಬಿಡಿ. ನೀವು ಹಣ ತೆಗೆದಾಗ ಅವರ ಮೇಲೆ ಬಂದದ್ದು ಅನುಮಾನ. ನೀವು ಗುಟ್ಟಾಗಿ ಕಡತಗಳ ಹಿಂದೆ ಹಣ ಇಟ್ಟ ದಿನ ಆ ಅನುಮಾನಕ್ಕೆ ರುಜುವಾತು ಸಿಕ್ಕಿತು. ನೋಟುಗಳು ಸಭೆಗೆ ಮರಳಿದವು, ಆ ಮನುಷ್ಯನ ಹೆಸರು ಮಾತ್ರ ಮರಳಲಿಲ್ಲ. ಇದನ್ನು ಬರೆಯುವಾಗ ನಿಮಗೆ ನೋವಾಗುತ್ತದೆಂದು ಬಲ್ಲೆ, ಆದರೂ ನೀವು ಇದನ್ನು ನೋಡದೆ ಮುಂದೆ ಹೋಗಲಾಗದು. ಯಾಜಕಕಾಂಡದ 6ನೆಯ ಅಧ್ಯಾಯದಲ್ಲಿ ಇನ್ನೊಬ್ಬರದ್ದನ್ನು ಇಟ್ಟುಕೊಂಡು ಸುಳ್ಳಾಡಿದವನು ಆ ವಸ್ತುವನ್ನೂ ಅದರ ಐದನೆಯ ಒಂದು ಪಾಲನ್ನೂ ಸೇರಿಸಿ, ಅದು ಯಾರದೋ ಅವರ ಕೈಗೇ ಕೊಟ್ಟು, ಆಮೇಲೆ ದೇವರ ಬಳಿಗೆ ಯಜ್ಞ ತರಬೇಕೆಂದಿದೆ. ಹರಿಹರಕ್ಕೆ ಹೋಗಿಬಂದದ್ದನ್ನು ನೀವು ತುಸು ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಬೇಡ, ಸೆಪ್ಟೆಂಬರ್ 8ರ ಹಬ್ಬಕ್ಕೆ ಆ ತಾಯಿಯ ಸನ್ನಿಧಿಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಆದರೆ ಅಲ್ಲಿನ ಯಾವುದೇ ಗುರುವಿನ ಹತ್ತಿರ ಕೇಳಿದ್ದರೂ ಕಥೋಲಿಕ ಸಭೆಯ ಉಪದೇಶವನ್ನೇ ಹೇಳುತ್ತಿದ್ದರು: ಪಾಪನಿವೇದನೆಯಿಂದ ಪಾಪಕ್ಷಮೆ ಸಿಕ್ಕರೂ ಪಾಪದಿಂದಾದ ಕೆಡುಕನ್ನು ಸರಿಪಡಿಸುವ ಹೊಣೆ ಉಳಿಯುತ್ತದೆ, ಕದ್ದದ್ದನ್ನು ಹಿಂತಿರುಗಿಸಬೇಕು, ಕೆಡಿಸಿದ ಹೆಸರನ್ನು ನೆಟ್ಟಗೆ ಮಾಡಬೇಕು.

ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ ಎಂಬ ನಿಮ್ಮ ಭಯವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ದೇವಾಲಯವನ್ನು ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬುದು ನಿಜವಾದ ಭಿನ್ನಾಭಿಪ್ರಾಯ, ಎರಡೂ ಕಡೆ ದೇವರನ್ನು ಪ್ರೀತಿಸುವವರೇ ಇರಬಹುದು. ಜೊತೆಯಾಗಿ ಸುವಾರ್ತೆ ಸಾರುತ್ತಿದ್ದ ಪೌಲ ಬಾರ್ನಬರಂಥವರೇ ತಮ್ಮ ಸಂಗಡಿಗ ಮಾರ್ಕನ ವಿಷಯದಲ್ಲಿ ತೀಕ್ಷ್ಣವಾಗಿ ವಾದಿಸಿ ಬೇರೆಬೇರೆ ದಾರಿ ಹಿಡಿದದ್ದನ್ನು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ ಮುಚ್ಚಿಡದೆ ಬರೆದಿದೆ. ಅದೇ ಪೌಲನ ಹೆಸರಿನಲ್ಲಿ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂಬ ಮಾತಿದೆ. ಅಂಥ ಬಿರುಕು ಕಾಲಕ್ರಮದಲ್ಲಿ ಕೂಡಿಕೊಳ್ಳಬಹುದು. ಆದರೆ ನಿಮ್ಮ ಸಭೆ ಒಡೆದದ್ದು ಕಟ್ಟಡದ ಮಾತಿನ ಮೇಲೆ ಮಾತ್ರವಲ್ಲ, ಒಬ್ಬ ಹಿರಿಯರು ಕಳ್ಳರು ಎಂಬ ಸುಳ್ಳಿನ ಮೇಲೂ ಒಡೆದಿದೆ. ಆ ಸುಳ್ಳು ನಡುವೆ ಇರುವಷ್ಟು ದಿನ ಯಾರೇ ರಾಜಿ ಮಾಡಿಸಲು ಬಂದರೂ ಅವರಿಗೆ ಕಾಲೂರಲು ನೆಲ ಸಿಗುವುದಿಲ್ಲ. ಅದನ್ನು ತೆಗೆಯಬಲ್ಲವರು ದಾವಣಗೆರೆಯಲ್ಲಿ ಸದ್ಯಕ್ಕೆ ನೀವೊಬ್ಬರೇ.

ಸಭೆಗಳ ಜಗಳದಲ್ಲಿ ಎರಡು ಕಡೆಯವರೂ ಮತ್ತಾಯನ 18ನೆಯ ಅಧ್ಯಾಯವನ್ನು ಎತ್ತಿ ಹಿಡಿಯುತ್ತಾರೆ: ನಿನ್ನ ಸಹೋದರನು ತಪ್ಪುಮಾಡಿದರೆ ಮೊದಲು ನೀನೊಬ್ಬನೇ ಹೋಗಿ ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಎಂಬ ಕ್ರಮ ಅದು. ತಪ್ಪಿಗೆ ಒಳಗಾದವರಿಗೆ ಹೇಳಿದ ಕ್ರಮ. ನಿಮಗೆ ಹೇಳಿದ್ದು ಮತ್ತಾಯನ 5ನೆಯ ಅಧ್ಯಾಯದಲ್ಲಿದೆ. ಕಾಣಿಕೆಯನ್ನು ಯಜ್ಞವೇದಿಯ ಬಳಿಗೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು, ಆಮೇಲೆ ಬಂದು ಅರ್ಪಿಸು. ನೀವು ಎರಡು ವರ್ಷದಿಂದ ಹಿಂದಿನ ಬೆಂಚಿನಲ್ಲಿ ಉಳಿದಿರುವುದು ಆ ನೆನಪಿನಿಂದಲೇ. ಆದರೆ ಕಾಣಿಕೆ ಬಿಟ್ಟವರು ಎದ್ದು ಹೋಗಬೇಕು, ಅಲ್ಲೇ ಕೂತರೆ ಆಗಲಿಲ್ಲ.

ಈಗ ಮಾಡಬೇಕಾದದ್ದು. ಮೊದಲು ಯಜಮಾನರಿಗೆ ಹೇಳಿ. ಸಮಿತಿಯಲ್ಲಿರುವ ಅವರು ಈ ಸುದ್ದಿಯನ್ನು ಬೀದಿಯಿಂದ ಕೇಳುವಂತಾಗಬಾರದು. ಅವರು ಸಿಟ್ಟಾಗುತ್ತಾರೆ, ತಡಿ, ಮಗಳ ಮದುವೆಯಾಗಲಿ ಎಂದೂ ಹೇಳಬಹುದು. ಆ ಮಾತಿಗೆ ಒಪ್ಪಬೇಡಿ. ಆ ಹಿರಿಯರ ಮನೆಯಲ್ಲೂ ಮದುವೆಗೆ ಬಂದ ಮೊಮ್ಮಕ್ಕಳಿರಬಹುದು, ಅವರ ಸಂಬಂಧಗಳನ್ನು ಈ ಎರಡು ವರ್ಷ ಯಾರು ಕಾದರು? ನಿಮ್ಮ ಮಗಳಿಗೂ ನೀವೇ ಹೇಳಿ, ಮತ್ತು ಶುಲ್ಕದ ಹೊರೆಯನ್ನು ಅವಳ ತಲೆಗೆ ಕಟ್ಟದಂತೆ ಹೇಳಿ: ಅವಳು ಕೇಳಿದ್ದು ಶುಲ್ಕವನ್ನು, ಸಭೆಯ ಹಣವನ್ನಲ್ಲ. ಹಣಕಾಸಿನ ವಿಷಯವಾದ್ದರಿಂದ, ಬರವಣಿಗೆಗೆ ಇಳಿಯುವ ಮೊದಲು ನಂಬಿಕೆಯ ವಕೀಲರೊಬ್ಬರ ಜೊತೆ ಒಂದು ಗಂಟೆ ಮಾತಾಡಿ. ಆದರೆ ಆ ಸಲಹೆಯನ್ನು ಸುಮ್ಮನಿರಲು ನೆಪ ಮಾಡಿಕೊಳ್ಳಬೇಡಿ.

ಆಮೇಲೆ ಆ ಹಿರಿಯರ ಮನೆಗೆ ಹೋಗಿ. ಸಭಾಪಾಲಕರಿಗಿಂತ ಮೊದಲು, ಸಮಿತಿಗಿಂತ ಮೊದಲು, ಕೂಟದ ಸ್ನೇಹಿತೆಯರಿಗಿಂತ ಮೊದಲು ಅವರೇ ಕೇಳಬೇಕು. ಮಾತು ಚಿಕ್ಕದಾಗಿರಲಿ: ಹಣವನ್ನು ನಾನು ತೆಗೆದೆ, ನೀವು ಕೊಟ್ಟದ್ದು ನನಗೆ ನೆನಪಿತ್ತು, ನೆನಪಿಲ್ಲವೆಂದು ಸುಳ್ಳಾಡಿದೆ, ಹಿಂದಕ್ಕೆ ಇಟ್ಟವಳೂ ನಾನೇ. ಶುಲ್ಕದ ಕಥೆಯನ್ನು ಅವರು ಕೇಳಿದರೆ ಹೇಳಿ, ಕೇಳದಿದ್ದರೆ ಬೇಡ. ನಿಮ್ಮ ಕಣ್ಣೀರನ್ನು ಒರೆಸುವ ಕೆಲಸ ಅವರ ಪಾಲಿಗೆ ಬರದಿರಲಿ. ಮುಂದೆ ಏನಾಗಬೇಕೆಂದು ಅವರನ್ನೇ ಕೇಳಿ, ಯಾಕೆಂದರೆ ತಮ್ಮ ಹೆಸರು ಎಲ್ಲಿ, ಯಾರ ಮುಂದೆ ಶುದ್ಧವಾಗಬೇಕೆಂಬುದು ಅವರಿಗೇ ಗೊತ್ತು. ನಂತರ ತಾರೀಖು, ಮೊತ್ತ, ನೀವು ಆಡಿದ ಸುಳ್ಳು ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಸಹಿಹಾಕಿ ಸಭಾಪಾಲಕರಿಗೂ ಸಮಿತಿಗೂ ಕೊಡಿ, ನಡಾವಳಿ ಪುಸ್ತಕದಲ್ಲಿ ತಿದ್ದುಪಡಿ ಬರೆಯಬೇಕೆಂದು ಕೇಳಿ, ಬೇರೆಯಾಗಿ ಹೋದ ಮೂವತ್ತು ಕುಟುಂಬಗಳಿಗೂ ಅದೇ ಹಾಳೆಯ ಪ್ರತಿ ತಲುಪಲಿ. ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಬೇಡಿ. ಈ ಸುದ್ದಿಯನ್ನು ಗದೆಯಂತೆ ಎತ್ತಿಕೊಳ್ಳಲು ಎರಡೂ ಪಂಗಡದಲ್ಲಿ ಜನರಿರುತ್ತಾರೆ, ಅವರ ಕೈಗೆ ಅದನ್ನು ಸಡಿಲವಾಗಿ ಕೊಡಬಾರದು. ಎರಡೂ ಕಡೆಯವರು ಗೌರವಿಸುವ ಒಬ್ಬರು ನಡುವೆ ಇದ್ದರೆ ಒಳ್ಳೆಯದು. ಫಿಲಿಪ್ಪಿಯ ಸಭೆಯ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಸ್ತ್ರೀಯರಿಗೆ ಒಂದೇ ಮನಸ್ಸಿನವರಾಗಿರಿ ಎಂದು ಬೇಡಿಕೊಂಡ ಪೌಲನೂ ಅಷ್ಟಕ್ಕೇ ಬಿಡದೆ, ಅವರಿಗೆ ಸಹಾಯಮಾಡು ಎಂದು ಮೂರನೆಯವನೊಬ್ಬನನ್ನು ಕೇಳಿಕೊಂಡಿದ್ದಾನೆ.

ಅವರು ಕ್ಷಮಿಸದೆಯೂ ಇರಬಹುದು. ಎರಡು ವರ್ಷದ ಭಾನುವಾರಗಳನ್ನು ಕಳೆದುಕೊಂಡವರಿಗೆ ಕ್ಷಮಿಸಲು ಹೊತ್ತು ಬೇಕು, ಅದನ್ನು ಅವಸರಪಡಿಸುವ ಹಕ್ಕು ನಿಮಗಿಲ್ಲ. ದೇವರೇ ಕ್ಷಮಿಸಿದ್ದಾನೆ, ನೀವೂ ಕ್ಷಮಿಸಬೇಕು ಎಂದು ಅವರ ಮುಂದೆ ದಯವಿಟ್ಟು ಹೇಳಬೇಡಿ. ಆ ದಿನಗಳಲ್ಲಿ ನಿಮ್ಮ ಆಶ್ರಯ ಏನೆಂದು ನಿಮಗೇ ತಿಳಿಯುತ್ತದೆ: ಜನರು ಮುಖ ತಿರುಗಿಸಿಕೊಂಡು ಹೋಗುವಾಗಲೂ ನಿಮ್ಮನ್ನು ಕೈಬಿಡದೆ ಹಿಡಿದುಕೊಂಡಿರುವವನು ಒಬ್ಬನಿದ್ದಾನೆ. ಕರ್ತನ ಮೇಜಿನ ವಿಷಯದಲ್ಲಿ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯವು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಆಮೇಲೆ ರೊಟ್ಟಿಯನ್ನು ತಿನ್ನಲಿ ಎನ್ನುತ್ತದೆ. ಪರೀಕ್ಷಿಸಿಕೊಂಡು ದೂರವೇ ಉಳಿಯಲಿ ಎನ್ನುವುದಿಲ್ಲ. ಆ ಹಾಳೆಯನ್ನು ಕೊಟ್ಟ ಮೇಲೆ ಬರುವ ಭೋಜನಕ್ಕೆ ಮುಂದೆ ಹೋಗಿ. ನಿದ್ದೆ ಇಷ್ಟು ದಿನ ಕೆಟ್ಟಿರುವುದರಿಂದ ವೈದ್ಯರನ್ನೂ ಕಾಣಿ, ಮನಸ್ಸು ತೀರಾ ಕುಸಿದ ರಾತ್ರಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಭಾನುವಾರ ಹೋಗಬೇಡಿ, ಆ ದಿನ ಬೀದಿಯಲ್ಲಿ ಸಭೆಯವರು ಓಡಾಡುತ್ತಿರುತ್ತಾರೆ. ವಾರದ ನಡುವೆ ಒಂದು ಸಂಜೆ, ಬಿಸಿಲು ಇಳಿದ ಮೇಲೆ, ಯಜಮಾನರು ಬಂದರೆ ಅವರ ಜೊತೆ, ಬಾರದಿದ್ದರೆ ಒಬ್ಬರೇ ಹೋಗಿ. ಒಳಗೆ ಕರೆಯದಿದ್ದರೆ ಕಟ್ಟೆಯ ಹತ್ತಿರವೇ ನಿಂತು ಹೇಳಿ. ಅವರು ಏನೆಂದರೆಂದು ನನಗೆ ಬರೆಯಿರಿ, ಬಾಗಿಲು ಹಾಕಿಕೊಂಡರೂ ಬರೆಯಿರಿ.