ಮೂರು ನೋಟ್‌ಬುಕ್, ಒಂದು ಬೆಟ್ಟ

ಪ್ರಶ್ನೆ: ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಜಾಗವನ್ನು ತ್ರಿಕೋನಗಳಾಗಿ ಒಡೆದು ಕೊಹೊಮಾಲಜಿ, ಅಂದರೆ ಅದರಲ್ಲಿ ಎಂಥ ತೂತುಗಳಿವೆ ಅನ್ನುವುದನ್ನು ಹಿಡಿಯುವ ಲೆಕ್ಕ, ಮಾಡುವುದು ಬರುತ್ತದೆ. ಈಗ ತರಗತಿಯಲ್ಲಿ ಶೀಫ್ ಶುರುವಾಗಿದೆ. ವ್ಯಾಖ್ಯೆ ಬಾಯಿಪಾಠ ಆಯಿತು, ಆದರೆ ಇದು ಯಾಕೆ ಬೇಕು ಅಂತಲೇ ಹೊಳೆಯುತ್ತಿಲ್ಲ.
– ಓದುಗರೊಬ್ಬರು, ಮಧುಗಿರಿ

ಉತ್ತರ: ವ್ಯಾಖ್ಯೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ನಿಮ್ಮೂರ ಬೆಟ್ಟಕ್ಕೇ ಹೋಗೋಣ. ಮೂವರು ಗೆಳತಿಯರು ಬೆಟ್ಟದ ಸುತ್ತಳತೆಯನ್ನು ಹಂಚಿಕೊಂಡು ನಡೆಯುತ್ತಾರೆ ಅಂದುಕೊಳ್ಳಿ. ತುದಿಯಿಂದ ನೋಡಿದರೆ ತಾನು ಎಷ್ಟು ಡಿಗ್ರಿಯಲ್ಲಿದ್ದೇನೆ ಅಂತ ಒಬ್ಬೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಬೇಕು, ನಡುವೆ ಎಲ್ಲೂ ಅಂಕಿ ಎಗರಬಾರದು. ಮೊದಲನೆಯವಳದು 0ಯಿಂದ 150. ಎರಡನೆಯವಳದು 120ರಿಂದ 270. ಮೂರನೆಯವಳದು 240ರಿಂದ 390.

ಮೊದಲ ಇಬ್ಬರ ದಾರಿ ಕೂಡುವ ಕಡೆ ಅಂಕಿ ಸರಿಹೋಗುತ್ತದೆ. ಎರಡನೆಯವಳಿಗೂ ಮೂರನೆಯವಳಿಗೂ ಅಷ್ಟೇ. ಆದರೆ ಮೂರನೆಯವಳು ಸುತ್ತು ಮುಗಿಸಿ ಮೊದಲನೆಯವಳ ಜಾಗಕ್ಕೆ ಬಂದಾಗ, ಒಂದೇ ಬಂಡೆಯ ಹತ್ತಿರ ಒಬ್ಬಳ ಪುಸ್ತಕದಲ್ಲಿ 10, ಇನ್ನೊಬ್ಬಳದರಲ್ಲಿ 370! ಮೂರನೆಯವಳು ತನ್ನ ಪುಸ್ತಕದಲ್ಲೆಲ್ಲ 360 ಕಳೆದುಬಿಟ್ಟರೆ ಈ ಕೂಡು ಸರಿಹೋಗುತ್ತದೆ, ಅತ್ತ ಎರಡನೆಯವಳ ಜೊತೆಗಿನದು ಕೆಡುತ್ತದೆ. ಯಾರು ಹೇಗೆ ತಿದ್ದಿದರೂ ಒಂದು ಸುತ್ತಿನ ವ್ಯತ್ಯಾಸ ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತದೆ.

ಯಾವ ತುಂಡಿನ ಮೇಲೆ ಯಾವ ಪುಸ್ತಕಗಳು ಸಾಧ್ಯ, ದೊಡ್ಡ ತುಂಡಿನ ಪುಸ್ತಕವನ್ನು ಸಣ್ಣದಕ್ಕೆ ಕತ್ತರಿಸುವುದು ಹೇಗೆ, ಕೂಡುವ ಕಡೆಯೆಲ್ಲ ಹೊಂದಿದರೆ ಅವೆಲ್ಲ ಸೇರಿ ಒಂದೇ ಒಂದು ಪುಸ್ತಕ ಆಗಲೇಬೇಕು. ಇಷ್ಟೇ ಶೀಫ್. ಹೊಂದದೆ ಉಳಿದ ಆ ಒಂದು ಸುತ್ತು ಇದೆಯಲ್ಲ, ಅದೇ ವೃತ್ತದ, ಅಂದರೆ ಬೆಟ್ಟದ ಸುತ್ತಿನ, ಮೊದಲ ಕೊಹೊಮಾಲಜಿ. ತ್ರಿಕೋನ ಇಟ್ಟು ಲೆಕ್ಕ ಹಾಕಿದಾಗ ನಿಮಗೆ ಸಿಕ್ಕಿದ ಪೂರ್ಣಾಂಕಗಳ ಗುಂಪೂ ಇದೇ.

ಹಾಗಾದರೆ ಹೊಸದೇನು ಅಂತ ಕೇಳುತ್ತೀರಿ, ಅಲ್ವಾ? 1931ರಲ್ಲಿ ಗಣಿತಜ್ಞ ಡಿ ರಾಮ್ ಒಂದು ಆಶ್ಚರ್ಯದ ವಿಷಯ ಸಾಧಿಸಿ ತೋರಿಸಿದರು: ನುಣುಪಾದ ಜಾಗದ ಮೇಲೆ ಕಲನಶಾಸ್ತ್ರದಿಂದ ಬರುವ ಕೊಹೊಮಾಲಜಿಯೂ ತ್ರಿಕೋನಗಳಿಂದ ಬರುವುದೂ ಒಂದೇ, ಗುಣಕಗಳು, ಅಂದರೆ ಲೆಕ್ಕಕ್ಕೆ ಬಳಸುವ ಸಂಖ್ಯೆಗಳು, ವಾಸ್ತವ ಸಂಖ್ಯೆಗಳಾಗಿದ್ದರೆ. ಯಾಕೆ ಒಂದೇ? ಎರಡೂ ಒಂದೇ ಸ್ಥಿರ ಶೀಫನ್ನು (ಹತ್ತಿರ ಹತ್ತಿರ ಅಂಕಿ ಬದಲಾಗದ ಪುಸ್ತಕಗಳ ಶೀಫನ್ನು) ಬಿಡಿಸುವ ಎರಡು ದಾರಿ, ಅದಕ್ಕೆ. ಶೀಫ್ ಗೊತ್ತಿದ್ದರೆ ಈ ಪ್ರಮೇಯ ನಾಲ್ಕೇ ಸಾಲು ಅನ್ನಿಸುತ್ತದೆ, ನನಗೆ ಇದು ಇಷ್ಟವಾಗಿದ್ದೇ ಅಲ್ಲಿಂದ. ಇನ್ನೊಂದು, ಗುಣಕಗಳು ಜಾಗದಿಂದ ಜಾಗಕ್ಕೆ ಬದಲಾಗಬಹುದು. ಒಂದು ಜಾಗ ಇನ್ನೊಂದರ ಮೇಲೆ ಹರಡಿಕೊಂಡಿದ್ದರೆ, ಕೆಳಗಿನ ಒಂದೊಂದು ಬಿಂದುವಿನ ಮೇಲೂ ಬೇರೆ ಬೇರೆ ಕೊಹೊಮಾಲಜಿ ಕೂತಿರುತ್ತದೆ. ಅದನ್ನೆಲ್ಲ ಒಟ್ಟಿಗೆ ಹಿಡಿಯಲು ಫ್ರೆಂಚ್ ಗಣಿತಜ್ಞ ಜಾನ್ ಲೆರೇ ಶೀಫನ್ನು ಕಟ್ಟಿದರು. ಅದೂ ಎಲ್ಲಿ? ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ, 1940ರಿಂದ 1945ರವರೆಗೆ ಆಸ್ಟ್ರಿಯಾದ ಎಡೆಲ್‌ಬಾಖ್ ಸೆರೆಶಿಬಿರದಲ್ಲಿದ್ದಾಗ. ತನಗೆ ದ್ರವಗಳ ಗಣಿತ ಗೊತ್ತು ಅಂದರೆ ಜರ್ಮನ್ನರು ಯುದ್ಧದ ಕೆಲಸಕ್ಕೆ ಹಚ್ಚುತ್ತಾರೆ ಅಂತ ಅದನ್ನು ಮುಚ್ಚಿಟ್ಟು, ಟೊಪಾಲಜಿ, ಅಂದರೆ ಎಳೆದರೂ ಬಗ್ಗಿಸಿದರೂ ಬದಲಾಗದ ಆಕಾರಗುಣಗಳ ಗಣಿತ, ಹಿಡಿದರು.

ಪ್ರಶ್ನೆ: ಶೀಫ್ ಅನ್ನುವ ಈ ಹೆಸರು ಯಾಕೆ?
– ಶಿಡ್ಲಘಟ್ಟದಿಂದ

ಉತ್ತರ: ಲೆರೇ ಇಟ್ಟ ಫ್ರೆಂಚ್ ಹೆಸರಿನ ಅರ್ಥ ಕಟ್ಟು, ಕಂತೆ. ರಾಗಿ ಕೊಯ್ದು ಸಿವುಡು ಕಟ್ಟುತ್ತೀರಲ್ಲ, ಇಂಗ್ಲಿಷಿನ ಶೀಫ್ ಅಂದರೆ ಅದೇ. ಒಂದೊಂದು ಬಿಂದುವಿನ ಮೇಲೂ ನಿಲ್ಲುವ ಮಾಹಿತಿಯನ್ನು ಸ್ಟಾಕ್, ಅಂದರೆ ದಂಟು ಅಂತಲೇ ಕರೆಯುತ್ತಾರೆ.

ಮಧುಗಿರಿಯ ಓದುಗರಿಗೆ ಇನ್ನೊಂದು ಮಾತು. ವೃತ್ತವನ್ನು ಮೂರು ತುಂಡು ಮಾಡಿ, ಒಂದೊಂದು ತುಂಡಿನ ಪುಸ್ತಕದಲ್ಲೂ ಒಂದು ಪೂರ್ಣಾಂಕ ಬರೆದು, ಮೂರು ಕೂಡುಗಳಲ್ಲಿ ಒಂದರಲ್ಲಿ ಮಾತ್ರ ಪೂರ್ಣಾಂಕದ ಚಿಹ್ನೆ ತಿರುಗಿಸಿ, ಅರ್ಧ ತಿರುಚಿ ಅಂಟಿಸಿದ ಮೋಬಿಯಸ್ ಪಟ್ಟಿಯ ಹಾಗೆ. ಈಗ ಪೂರ್ತಿ ವೃತ್ತಕ್ಕೆ ಹೊಂದುವ ಪುಸ್ತಕ ಸೊನ್ನೆ ಒಂದೇ, ಮೊದಲ ಕೊಹೊಮಾಲಜಿಯಲ್ಲಿ ಎರಡೇ ಅಂಶ. ಕೈಯಲ್ಲೇ ಮಾಡಿ ನೋಡಿ, ಅರ್ಧ ಪುಟ ಸಾಕು.